ಎಡಗಡೆಯ ಗೋಲು

ಕುತ್ತಿಗೆ ಇರುವುದು ತಲೆಯನ್ನು ಹೊರಲಿಕ್ಕೆ ಎಂದೇ ಬಹಳ ಕಾಲ ನಂಬಿದ್ದೆ. ತಲೆಯನ್ನು ತಿರುಗಿಸಲಿಕ್ಕೂ ಅದು ಬೇಕು ಎಂದು ತಿಳಿದದ್ದು ಊರಿಗಾಂ ಮೈದಾನದಲ್ಲಿ, ಗಣಿಯವರ ಫುಟ್‌ಬಾಲ್ ಸೆಮಿಫೈನಲ್ ದಿನ. ಆಗ ನಾನು ಬೆಂಗಳೂರಿನ ಪತ್ರಿಕೆಯೊಂದಕ್ಕೆ ಕೆ.ಜಿ.ಎಫ್. ವರದಿಗಾರ. ಬೆಳಿಗ್ಗೆ ಏಳುವಾಗಲೇ ಕತ್ತು ಬಲಕ್ಕೆ ತಿರುಗಿ ನಿಂತುಬಿಟ್ಟಿತ್ತು. ಹೆಂಡತಿ ಮುಲಾಮು ತಿಕ್ಕಿದಳು. ಕತ್ತು ಬಿಸಿಯಾಯಿತು, ತಿರುಗಲಿಲ್ಲ. ಹಾಗೆಯೇ ಹೋಗಿ ನಡುಗೆರೆಯ ಬಳಿ ಕುಳಿತೆ. ಬಲಗಡೆಯ ಗೋಲುಕಂಬ ಸೊಗಸಾಗಿ ಕಾಣುತ್ತಿತ್ತು. ಎಡಗಡೆಯಿಂದ ದೊಡ್ಡ ಕೂಗೆದ್ದಿತು. ಕುರ್ಚಿಸಮೇತ ತಿರುಗುವಷ್ಟರಲ್ಲಿ ಚೆಂಡು ನಡುವಿಗೆ ಬಂದಿತ್ತು. ಕಣ್ಣಾರೆ ಕಾಣದ್ದನ್ನು ಬರೆಯಬಾರದೆಂಬುದು ನಾನು ಕಲಿತ ಶಿಸ್ತು. ಬರೆಯಲಿಲ್ಲ. ನೀಲಿ ಅಂಗಿಯವರು ಗೆದ್ದರೆಂದಷ್ಟೇ ಬರೆದೆ. ಅವರು ಕುಣಿದದ್ದು ಬಲಗಡೆ.

ಮರುದಿನ ಸಂಪಾದಕರು ಫೋನಿನಲ್ಲಿ, "ಏನ್ರೀ, ಗೋಲೇ ಹೊಡೀದೆ ಗೆದ್ದುಬಿಟ್ರಾ ಅವರು?" ಎಂದರು. ಫೈನಲ್‌ನಲ್ಲೂ ಹೀಗಾದರೆ ಕೆ.ಜಿ.ಎಫ್.ಗೆ ಬೇರೊಬ್ಬರನ್ನು ನೋಡಬೇಕಾಗುತ್ತದೆ ಎಂದೂ ಮೆತ್ತಗೆ ಸೇರಿಸಿದರು.

ಫೈನಲ್ ಭಾನುವಾರ ಮಧ್ಯಾಹ್ನ. ಅಂದು ಬೆಳಿಗ್ಗೆಯೇ ರೈಲು ಹತ್ತಿ, ಬಂಗಾರಪೇಟೆಯ ಪಕ್ಕದ ಹಳ್ಳಿಯಲ್ಲಿದ್ದ ದೊಡ್ಡಮ್ಮನ ಮನೆಗೆ ಹೋದೆ. ಊರಿನ ಕೂಸುಗಳಿಗೆಲ್ಲ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದವಳು ಅವಳೇ; ಒಂದು ಕಾಲಕ್ಕೆ ನನಗೂ ಹಾಕಿದ್ದಳು. ಬಚ್ಚಲಲ್ಲಿ ಬೋರಲು ಮಲಗಿಸಿ, ಬೆಚ್ಚಗಿನ ಹರಳೆಣ್ಣೆ ಸುರಿದು, ಬೆನ್ನ ಮೇಲೆ ಬೆರಳಾಡಿಸುತ್ತ ಹೆಗಲಿನ ಕೆಳಗೊಂದು ಕಡೆ ನಿಲ್ಲಿಸಿದಳು.

"ದೊಡ್ಡಮ್ಮ, ನೋವು ಕತ್ತಲ್ಲಿ."

"ನೋವು ಅಲ್ಲೈತೆ, ಗಂಟು ಇಲ್ಲೈತೆ ಕಣ್ಲಾ. ಕುರಿ ತೊಗಲು ಸುಲಿಯೋವಾಗ ಒಳಗೆ ಬಿಳೀ ಪೊರೆ ಇರ್ತದಲ್ಲ, ನಿಂದು ಅದು ಇಡ್ಕೊಂಡೈತೆ. ಸುಮ್ಕೆ ಮೈ ಬಿಡು."

ಕುರಿಯ ಹೋಲಿಕೆ ಕೇಳಿದ ಮೇಲೆ ಮೈ ಬಿಡುವುದು ಸುಲಭವಲ್ಲ. ಅವಳು ತಿಕ್ಕಲಿಲ್ಲ, ಗುದ್ದಲಿಲ್ಲ. ಹೆಬ್ಬೆರಳನ್ನು ಅಲ್ಲೇ ಊರಿ ಕಾದಳು. ಮೊದಲು ಪ್ರಾಣ ಹೋದಂತಾಯಿತು. ಆಮೇಲೆ ಬೆಲ್ಲ ಕರಗಿದ ಹಾಗೆ ಒಳಗೆ ಏನೋ ಸಡಿಲಗೊಂಡು, ಬೆಚ್ಚಗೆ ಕತ್ತಿನವರೆಗೂ ಹರಿಯಿತು. ಕೂಸಿಗೂ ವರದಿಗಾರನಿಗೂ ಅವಳಲ್ಲಿ ಬೇರೆ ಬೇರೆ ಕ್ರಮವಿರಲಿಲ್ಲ. ನಾನು ನರಳಿದರೆ, "ಆಯ್ತು ಬಂಗಾರಾ, ಆಯ್ತು, ಗುಮ್ಮ ಓದ" ಎನ್ನುವಳು. ನೀರೆರೆದು, ಮೂಗು ತೀಡಿ, ಸಾಂಬ್ರಾಣಿ ಹೊಗೆ ಹಿಡಿದು ಚಾಪೆಯ ಮೇಲೆ ಉರುಳಿಸಿದಳು. ಕೂಸಿನಂತೆಯೇ ನಿದ್ದೆಹೋದೆ.

ಎಚ್ಚರವಾದಾಗ ಕತ್ತು ತಿರುಗಿಸಿದೆ. ಬಲಕ್ಕೆ ಒನಕೆ, ಎಡಕ್ಕೆ ಬಾಗಿಲಲ್ಲಿ ಕೋಳಿ; ಎರಡೂ ಕಂಡವು. ಮತ್ತೆ ಮತ್ತೆ ನೋಡಿದೆ.

"ಏನ್ಲಾ ಗೂಬೆ ತರ ತಿರುಗಿಸ್ತೀಯ? ಓಗು, ರೈಲು ಬಿಟ್ಬುಡ್ತದೆ."

ಅಂದು ಜಗತ್ತೇ ನನ್ನ ಮೇಲೆ ಪ್ರೀತಿ ತೋರಿಸಿತು. ರೈಲಿನಲ್ಲಿ ಎದುರು ಕೂತ ಮುದುಕಿ ನಗುತ್ತ, "ನಲ್ಲಾ ಇರುಪ್ಪಾ" ಎಂದು ತಮಿಳಿನಲ್ಲಿ ಹರಸಿದಳು. ಮೈದಾನದಲ್ಲಿ ಸದಾ ಸಿಡುಕುವ ರೆಫರಿ ಕೂಡ ನನ್ನನ್ನು ನೋಡಿ ಮುಗುಳ್ನಕ್ಕ. ನೆಟ್ಟಗಿನ ಕತ್ತಿಗೆ ಇಷ್ಟು ಮರ್ಯಾದೆಯೇ ಎಂದುಕೊಂಡೆ. ಎರಡೂ ಕಡೆಯ ಗೋಲುಗಳನ್ನು ಕಣ್ತುಂಬ ಕಂಡು, ಫೋನಿನಲ್ಲಿ ಸಂಪಾದಕರಿಗೆ ವರದಿ ಓದಿ ಹೇಳಿದೆ. "ಒಂದೂ ಬಿಟ್ಟಿಲ್ಲ ನೋಡಿ. ಇನ್ನು ಮುಂದೂ ನೀವೇ ಬರೀರಿ" ಎಂದರು ಸಂಪಾದಕರು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತು, "ಇದನ್ನ ಇಟ್ಕೊಂಡೇ ಫೈನಲ್‌ಗೆ ಓಗಿದ್ರಾ?" ಎಂದು ಕನ್ನಡಿ ಹಿಡಿದಳು. ಎಡಗೆನ್ನೆಯಲ್ಲಿ ರೂಪಾಯಿಯಗಲದ ದೃಷ್ಟಿಬೊಟ್ಟು. ನಿದ್ದೆಯಲ್ಲಿದ್ದಾಗ ದೊಡ್ಡಮ್ಮ ಕೆಲಸ ಪೂರ್ತಿ ಮಾಡಿದ್ದಳು.

ಊರಿಗೂರೇ ನೋಡಿ ನಕ್ಕ ಸಂಗತಿ ನನ್ನ ವರದಿಯಲ್ಲಿ ಬರಲಿಲ್ಲ. ಕಣ್ಣಾರೆ ಕಾಣದ್ದನ್ನು ನಾನು ಬರೆಯುವುದಿಲ್ಲವಲ್ಲ.