ತೇಲಿದ ಮೊಟ್ಟೆಗಳ ಮೊಕದ್ದಮೆ

ನನಗೆ ಕೋಪ ಸುಮ್ಮಸುಮ್ಮನೆ ಬರುವುದಿಲ್ಲ. ಬಂದರೆ ನ್ಯಾಯವಾಗಿಯೇ ಬರುತ್ತದೆ, ಸಾಕ್ಷಿ ಸಮೇತ ಬರುತ್ತದೆ. ಆ ಭಾನುವಾರ ಬೆಳಿಗ್ಗೆ ಐದು ವರ್ಷದ ನನ್ನ ಮಗಳು ಅನ್ವಿ ಪ್ಲಾಸ್ಟಿಕ್ ಟಬ್ಬಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ನೀರಿನಲ್ಲಿ ಮೂರು ಮೊಟ್ಟೆಗಳು ಹಾಯಾಗಿ ತೇಲುತ್ತಿದ್ದವು.

ಮೊಬೈಲಿನಲ್ಲಿ ವಿಜ್ಞಾನದ ವಿಡಿಯೋ ಬಿಟ್ಟು ಬೇರೇನೂ ನೋಡಕೂಡದು ಎಂದು ಮನೆಯಲ್ಲಿ ಕಾನೂನು ಮಾಡಿದವನು ನಾನೇ. ಕೆಟ್ಟ ಮೊಟ್ಟೆ ತೇಲುತ್ತದೆ, ಒಳ್ಳೆಯದು ಮುಳುಗುತ್ತದೆ ಎಂದು ಹಿಂದಿನ ದಿನವಷ್ಟೇ ಅವಳು ನನಗೆ ಪಾಠ ಹೇಳಿದ್ದಳು. ಈಗ ನೋಡಿದರೆ ಮೂರಕ್ಕೆ ಮೂರೂ ತೇಲುತ್ತಿವೆ!

ಮೊಟ್ಟೆ ಕೊಟ್ಟವರು ಮಂಜಣ್ಣ, ನನ್ನ ಹೆಂಡತಿ ಸುಮಾಳ ಒಬ್ಬನೇ ಅಣ್ಣ. ಭದ್ರಾವತಿಯ ಜನ್ನಾಪುರದಲ್ಲಿ ಅವರದು ದಿನಸಿ ಅಂಗಡಿ. ನಮ್ಮ ಗೃಹಪ್ರವೇಶದಲ್ಲಿ ನಾನು ಏನೋ ಅಂದೆನೆಂದು ಎರಡು ವರ್ಷ ಮಾತು ಬಿಟ್ಟಿದ್ದರು. ಹೋದ ವಾರವಷ್ಟೇ ರಾಜಿಯಾಗಿ ಮೂವತ್ತು ಮೊಟ್ಟೆಯ ಟ್ರೇ ಕಳಿಸಿದ್ದರು. ಸುಮಾ ಅದನ್ನು ತವರಿನ ಸೀರೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಒಳಗೆ ತಂದಿದ್ದಳು.

ರಾಜಿಯಂತೆ ರಾಜಿ! ಕೆಟ್ಟ ಮೊಟ್ಟೆ ಕೊಟ್ಟು ಸೇಡು ತೀರಿಸಿಕೊಳ್ಳುವುದಾ? ನನಗೆ ಮೈಯೆಲ್ಲ ಉರಿದುಹೋಯಿತು. "ಅಪ್ಪಾ, ಆ ನೀರಲ್ಲಿ..." ಎಂದು ಮಗಳು ಶುರುಮಾಡಿದಳು. ಸುಮ್ಮನಿರು ಎಂದೆ. ಮೊದಲು ಫೋನ್ ಮಾಡಿ ಕೇಳಿ ಎಂದಳು ಸುಮಾ.

"ಇರೋದು ಒಬ್ಬನೇ ಅಣ್ಣ ಕಣ್ರೀ. ಈ ಸಲ ಮುರಿದ್ರೆ ನನ್ನ ಕೈಲಿ ಜೋಡ್ಸಕ್ಕಾಗಲ್ಲ."

ನಾನು ಆಗಲೇ ಸ್ಕೂಟರ್ ಹೊರಗೆ ತೆಗೆದಿದ್ದೆ. ಹಿಂದೆ ಸಾಕ್ಷಿಯಾಗಿ ಮಗಳು, ಕಾಲ ಬಳಿ ಪುರಾವೆಯಾಗಿ ಉಳಿದ ಮೊಟ್ಟೆಗಳ ಟ್ರೇ. ನಮ್ಮ ಮನೆಯಿರುವ ವಿನೋಬನಗರದಿಂದ ಜನ್ನಾಪುರವೇನು ಪಕ್ಕದಲ್ಲಿದೆಯೇ? ತಣ್ಣನೆ ಗಾಳಿಗೆ ಕೋಪ ಆರಿಹೋದೀತೆಂದು ದಾರಿಯುದ್ದಕ್ಕೂ ಗೃಹಪ್ರವೇಶವನ್ನು ನೆನೆನೆನೆದು ಕಾಯಿಸುತ್ತ ಹೋದೆ. ಮಗಳು ಎರಡು ಸಲ ಅಂಗಿ ಜಗ್ಗಿದಳು. ಆಮೇಲೆ ಹೇಳು ಎಂದೆ.

ಅಂಗಡಿಯಲ್ಲಿ ಏಳೆಂಟು ಗಿರಾಕಿಗಳಿದ್ದರು. ಒಳ್ಳೆಯದೇ ಆಯಿತು! ತಂಗಿಯ ಮನೆಗೆ ಕೆಟ್ಟ ಮೊಟ್ಟೆ ಕಳಿಸುವ ಅಣ್ಣಂದಿರ ಕುರಿತು ನಿಂತಲ್ಲೇ ಉಪನ್ಯಾಸ ಕೊಟ್ಟೆ. ಮಂಜಣ್ಣ ಒಂದು ಬಕೆಟ್ ನೀರು ತಂದಿಟ್ಟು, ನನ್ನ ಟ್ರೇಯಿಂದಲೇ ಒಂದೊಂದಾಗಿ ಹತ್ತು ಮೊಟ್ಟೆ ಬಿಟ್ಟರು. ಹತ್ತೂ ಕಲ್ಲಿನ ಹಾಗೆ ತಳ ಸೇರಿದವು.

ನಿಮ್ಮ ಬಕೆಟ್ಟೇ ಸರಿಯಿಲ್ಲ ಎಂದೆ.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಇದಕ್ಕೆ ನೀರು ಯಾಕೆ, ಮೂಗು ಸಾಕು ಎಂದು ಒಂದು ಮೊಟ್ಟೆಯನ್ನು ಎತ್ತಿ ಗಲ್ಲಾದ ಅಂಚಿಗೆ ಬಡಿದೆ. ನಾರಲಿಲ್ಲ. ಅರಿಶಿನದಂಥ ಹಳದಿ ಪಕ್ಕದ ಬೆಲ್ಲದ ಅಚ್ಚುಗಳ ಮೇಲೆ ಹರಿಯಿತು. ಇದಕ್ಕಿಂತ ತಾಜಾ ಬೇಕಂದ್ರೆ ಕೋಳಿನೇ ತರಬೇಕು ಸಾರ್ ಎಂದ ಒಬ್ಬ ಗಿರಾಕಿ.

ಕೊನೆಗೂ ಸಾಕ್ಷಿ ಬಾಯಿ ತೆರೆಯಿತು.

"ಮಾಮ, ಮನೇಲಿ ನಾನು ನೀರಿಗೆ ಕಲ್ಲುಪ್ಪು ಹಾಕಿದ್ದೆ. ಪೂರ್ತಿ ಪಾಕೀಟು. ಉಪ್ಪು ಹಾಕಿದ್ರೆ ನೀರು ಭಾರ ಆಗುತ್ತೆ, ಒಳ್ಳೇ ಮೊಟ್ಟೆನೂ ತೇಲುತ್ತೆ. ಅಪ್ಪಂಗೆ ಹೇಳಕ್ಕೆ ಹೋದೆ, ಬಿಡ್ಲೇ ಇಲ್ಲ."

ಇಡೀ ಅಂಗಡಿ ನಕ್ಕಿತು. ಮಂಜಣ್ಣ ನಗಲಿಲ್ಲ. ಬೆಲ್ಲ ಒರೆಸಿದರು. ಮೊಟ್ಟೆಗಳನ್ನೂ ಒರೆಸಿ ಟ್ರೇಗೆ ಜೋಡಿಸಿದರು. ತಪ್ಪಾಯ್ತು ಭಾವ ಎಂದೆ. ಅವರು ನನ್ನ ಕಡೆ ತಿರುಗಲಿಲ್ಲ. ಬಗ್ಗಿ ಮಗಳ ಕೆನ್ನೆ ಸವರಿದರು.

"ಮುಂದಿನ ಭಾನುವಾರ ಊಟಕ್ಕೆ ಬಾ ಪುಟ್ಟಾ. ಅಮ್ಮನ್ನೂ ಕರ್ಕೊಂಡು ಬಾ. ಬಸ್ಸಲ್ಲಿ ಬನ್ನಿ."

ಬಸ್ಸಿನಲ್ಲಿ ಎಂದರೆ ಸ್ಕೂಟರ್ ಬೇಡ, ಅದನ್ನು ಓಡಿಸುವವನೂ ಬೇಡ ಎಂದು ಅರ್ಥ. ನನಗೆ ಹಾಗೇ ಆಗಬೇಕಿತ್ತು.

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಮಗಳು ಮತ್ತೆ ಅಂಗಿ ಜಗ್ಗಿದಳು. 

"ಅಪ್ಪಾ, ಕೋಪ ಬಂದ್ರೆ ಕಿವಿ ಕೇಳ್ಸಲ್ವಾ? ಅದು ಯಾವ ವಿಡಿಯೋದಲ್ಲೂ ಇಲ್ಲ."

ಹೆಲ್ಮೆಟ್ ಹಾಕಿದ್ದೀನಮ್ಮಾ, ಏನೂ ಕೇಳಿಸುತ್ತಿಲ್ಲ ಎಂದೆ.