ಹಾಳೆ ನೋಡಿ ರೋಗ ಹೇಳುವವರು

ನಮ್ಮ ಯಜಮಾನರ ಸೋದರಮಾವನಿಗೆ ಒಂದು ಹಾಳೆ ತೋರಿಸಿದರೆ ಸಾಕು, ಅದನ್ನು ಹೆತ್ತ ಪ್ರಿಂಟರಿನ ಕುಲಗೋತ್ರವನ್ನೆಲ್ಲ ಹೇಳಿಬಿಡುತ್ತಾರೆ. ನಂಬುವುದಿಲ್ಲವೇ? ನಾನೂ ನಂಬಿರಲಿಲ್ಲ. ಹೊಸಪೇಟೆಯ ತಮ್ಮ ಪುಟ್ಟ ರಿಪೇರಿ ಅಂಗಡಿಯಲ್ಲಿ ಕುಳಿತು ಹಾಳೆಯನ್ನು ಮೊದಲು ಮೂಸುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಹೆಬ್ಬೆರಳಿನಿಂದ ಅಕ್ಷರ ಉಜ್ಜುತ್ತಾರೆ.

"ಇದು ಸಂಡೂರಿಂದು. ಒಳಗಿನ ಗಾಜಿನ ಮ್ಯಾಲೆ ಕೆಂಪು ಧೂಳು ಕುಂತದ, ಅದಕ್ಕ ನಡುವ ಬಿಳಿ ಗೆರಿ."

"ಇದು ಕಂಪ್ಲಿದು. ಹಾಳಿ ಹೊಳಿದಂಡಿ ಥಂಡಿ ಕುಡದದ. ಮಸಿಪುಡಿ ಹೆಂಗ ಹಿಡೀಬೇಕು?"

ತಂದವರು ಇನ್ನೂ ಬಾಯಿ ತೆರೆದೇ ಇರುವುದಿಲ್ಲ!

ಒಂದು ಶುಕ್ರವಾರ ಈ ವಿದ್ಯೆ ನಮ್ಮ ಮನೆಗೇ ಬೇಕಾಯಿತು. ಶನಿವಾರದ ಭಜನೆಯಲ್ಲಿ ಮುಂದೆ ಕುಳಿತು ಹಾಡುವವರು ನಮ್ಮ ಅತ್ತೆ. ಅವರ ಹಾಡಿನ ನೋಟುಬುಕ್ಕು ಪುಡಿಪುಡಿಯಾಗಿತ್ತು. ಹಾಡುಗಳನ್ನೆಲ್ಲ ನಾನು ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆದರೆ, ಹಾಳೆಯ ತುಂಬ ಚುಕ್ಕೆ, ಬಲಗಡೆಯೆಲ್ಲ ಮಸುಕು.

"ನಾಳೆ ಹೆಂಗ ಹಾಡ್ಲಿ? ನೀವು ಹಿಂದ ಕುಂದ್ರಿ ಅಂದ್ರ?" ಅತ್ತೆಯ ಮುಖ ಸಣ್ಣದಾಯಿತು.

ಅತ್ತೆಯ ತಮ್ಮನೇ ಆದ ಈ ಮಾವ ಬಂದರು. ಚುಕ್ಕೆಯಿಂದ ಚುಕ್ಕೆಗೆ ಬೆರಳಿಟ್ಟು ಅಳೆದರು.

"ನಾಕು ಬೆರಳಿಗೊಂದು ಚುಕ್ಕಿ. ಒಳಗಿನ ಡ್ರಮ್ಮಿನ ಉರುಳಿ ಸುತ್ತಿದಾಗೆಲ್ಲ ಒಂದೊಂದು ಬೀಳ್ತದ. ಅದಕ್ಕ ಗಾಯ ಆಗ್ಯದಮ್ಮ."

"ಸ್ಕೇಲ್ ಕೊಡ್ಲೇನ್ರಿ ಮಾವ?"

"ಬ್ಯಾಡ. ಸ್ಕೇಲು ತಪ್ಪಬಹುದು."

ಡ್ರಮ್ ಬದಲಾಯಿತು. ಟೋನರಿನ ಮಸಿಪುಡಿ ಡಬ್ಬಿಯನ್ನು ಕೂಸಿನ ಹಾಗೆ ಎಡಕ್ಕೂ ಬಲಕ್ಕೂ ತೂಗಿದರು. ಹೊಸ ಹಾಳೆ ಬಂತು: ದೋಸೆಹಂಚಿನಷ್ಟು ಕಪ್ಪು ಅಕ್ಷರ, ಒಂದು ಚುಕ್ಕೆಯಿಲ್ಲ. ನಾನು ಕೈಮುಗಿಯುವುದೊಂದು ಬಾಕಿ.

ಅತ್ತೆ ಹಾಳೆಯನ್ನು ಕಿಟಕಿಯ ಕಡೆ ಹಿಡಿದರು, ಹತ್ತಿರ ತಂದರು, ದೂರ ಒಯ್ದರು. "ಲೇ ತಮ್ಮ, ಇನ್ನೂ ಮಂಜುಮಂಜು ಅದಲ್ಲೋ."

ಮಾವ ಹಾಳೆಯನ್ನು ನೋಡಲಿಲ್ಲ. ಅಕ್ಕನ ಕಣ್ಣುಗಳನ್ನೇ ನೋಡುತ್ತ ನಿಂತರು.

"ಹೌದಕ್ಕ. ಮಷೀನು ಭಾಳ ಹಳೇದಾಗ್ಯದ," ಅಂದರು. ನಾನು ಕಂಡಂತೆ ಅವರು ಹೇಳಿದ ಮೊದಲ ತಪ್ಪು ರೋಗ. "ಸೋಮವಾರ ಕಣ್ಣಿನ ಡಾಕ್ಟರ ಹತ್ರ ಹೊಂಟೀನಿ, ನನಗೂ ಜೊತಿ ಬೇಕು, ಬಾ. ನಾಳೆ ನಿನ್ನ ಹಿಂದ ಕುಂತು ಸಾಲು ಹೇಳಿಕೊಡ್ತೀನಿ."

"ಹೆಂಗಸರ ನಡುವ ನೀನು? ನಗ್ತಾರೋ."

"ನಗ್ಲಿ ಬಿಡು."

ನಕ್ಕರು ಕೂಡ. ಮಾವ ಅಲುಗಲಿಲ್ಲ. ಅಕ್ಕನ ಕಿವಿಯಲ್ಲಿ ಒಂದೊಂದೇ ಸಾಲು ಉಸುರಿದರು, ಅತ್ತೆ ಹಾಳೆ ಹಿಡಿದು ಎಂದಿನಂತೆ ಎಲ್ಲರಿಗಿಂತ ಮುಂದೆ ಕುಳಿತು ಹಾಡಿದರು. ಎರಡನೆಯ ಹಾಡಿಗೆ ಹಾಳೆ ತಲೆಕೆಳಗಾಗಿತ್ತು. ಮಾವ ಯಾರಿಗೂ ಕಾಣದಂತೆ ಕೈಚಾಚಿ ಮೆಲ್ಲಗೆ ಅದನ್ನು ನೆಟ್ಟಗೆ ತಿರುಗಿಸಿದರು.