ಮಜ್ಲಿಸಿನ ಬಂದೂಕು ಮತ್ತು ಉಲ್ಟಾ ಎನ್

ಒಳ್ಳೆಯ ಕಥೆ ಹೇಳುವ ವ್ಯಾಪಾರಿ ಸಿಕ್ಕಿದರೆ ನಾನು ಸೋತೆನೆಂದೇ ಲೆಕ್ಕ. ಗುಣ ನೋಡಿ ಕೊಳ್ಳುವವರಿದ್ದಾರೆ, ಬೆಲೆ ನೋಡಿ ಕೊಳ್ಳುವವರಿದ್ದಾರೆ. ನಾನು ಕಿವಿಯಿಂದ ಕೊಳ್ಳುವವನು. ಮೈಸೂರಿನ ಮಾರುಕಟ್ಟೆಯಲ್ಲಿ ಒಬ್ಬಾತ ಬಾಟಲಿಯೊಳಗೆ ತೇಲುತ್ತಿದ್ದ ಸತ್ತ ಜೇನುಹುಳವನ್ನು ತೋರಿಸಿ, "ಹುಳವೇ ಸಾಕ್ಷಿ ಸ್ವಾಮಿ, ಅದು ಸುಳ್ಳು ಹೇಳುತ್ತಾ?" ಎಂದಾಗ, ಎರಡು ಬಾಟಲಿ ಬೆಲ್ಲದ ಪಾಕವನ್ನು ಭಕ್ತಿಯಿಂದ ಮನೆಗೆ ತಂದವನು ನಾನು. ದೋಹಾಕ್ಕೆ ಬಂದ ಮೇಲೂ ಸ್ವಭಾವ ಬದಲಾಗಲಿಲ್ಲ. ಕಾಡಿನಲ್ಲಿ ಉಳಿದಿದ್ದ ಕೊನೆಯ ಮರದಿಂದ ತೆಗೆದದ್ದೆಂದು ಹೇಳಿದ ಅತ್ತರನ್ನು ಕೊಂಡು ತಂದಾಗ ನನ್ನ ಹೆಂಡತಿ ಪ್ರಭಾ ಒಮ್ಮೆ ಮೂಸಿ, "ಬಾತ್‌ರೂಮಿಗೆ ಆಗುತ್ತೆ ಬಿಡಿ" ಎಂದಳು. ಇಂಥ ನನ್ನನ್ನು ಇವತ್ತು ಇಲ್ಲಿನ ಕೆಲವು ದೊಡ್ಡ ಮನುಷ್ಯರು ಹಳೆಯ ಸೈನಿಕ ಬಂದೂಕುಗಳ ಪರಿಣತನೆಂದು ನಂಬಿದ್ದಾರೆ. ಅದು ಹೇಗಾಯಿತೆಂದು ಹೇಳುತ್ತೇನೆ. ಹೇಳುವಾಗ ಸ್ವಲ್ಪ ಎದೆ ಉಬ್ಬಿದರೆ ಸಹಿಸಿಕೊಳ್ಳಬೇಕು.

ನಾನು ಇಂಡಸ್ಟ್ರಿಯಲ್ ಏರಿಯಾದ ಒಂದು ಏರ್‌ಕಂಡೀಷನರ್ ಬಿಡಿಭಾಗಗಳ ಕಂಪನಿಯಲ್ಲಿ ಅಕೌಂಟೆಂಟ್. ಕಂಪನಿಯ ಮಾಲೀಕರು ಅಬೂ ಫಹದ್. ನಾವೆಲ್ಲ ಕರೆಯುವುದು ಅರ್ಬಾಬ್, ಅಂದರೆ ಧಣಿ, ಎಂದು. ದೊಡ್ಡ ದನಿ, ದೊಡ್ಡ ಮನಸ್ಸು. ಮದೀನತ್ ಖಲೀಫಾದಲ್ಲಿರುವ ಅವರ ವಿಲ್ಲಾದ ಮಜ್ಲಿಸಿನಲ್ಲಿ, ಅಂದರೆ ಅತಿಥಿಗಳು ಕೂರುವ ಹಜಾರದಲ್ಲಿ, ಗೋಡೆಯ ತುಂಬ ಹಳೆಯ ಕತ್ತಿ, ಕಠಾರಿ, ಬಂದೂಕುಗಳು. ಎಲ್ಲಕ್ಕೂ ಪರವಾನಗಿ ಇದೆ. ಅರ್ಬಾಬರಿಗೂ ನನ್ನ ಹಾಗೆ ಕಥೆಯ ಹುಚ್ಚು. ವ್ಯತ್ಯಾಸವೆಂದರೆ ನಾನು ಜೇನುತುಪ್ಪದಲ್ಲಿ ನಿಲ್ಲುತ್ತೇನೆ, ಅವರು ಬಂದೂಕಿನವರೆಗೂ ಹೋಗಬಲ್ಲರು.

ಒಂದು ದಿನ ಅವರು ನನ್ನನ್ನು ಕ್ಯಾಬಿನ್ನಿಗೆ ಕರೆದು ಮೊಬೈಲ್ ಮುಂದೆ ಹಿಡಿದರು. ಜಮೀಲ್ ಎಂಬ ವ್ಯಾಪಾರಿ ಒಂದು ಬಂದೂಕಿನ ಫೋಟೋಗಳನ್ನು ಕಳಿಸಿದ್ದ. ಮೊದಲ ಮಹಾಯುದ್ಧದಲ್ಲಿ ಮರಳುಗಾಡಿನಲ್ಲಿ ದಾರಿ ತಪ್ಪಿ ಸಾಯುತ್ತ ಬಿದ್ದಿದ್ದ ಇಂಗ್ಲಿಷ್ ಅಧಿಕಾರಿಯೊಬ್ಬನಿಗೆ ಜಮೀಲನ ಅಜ್ಜ ಒಂಟೆಯ ಹಾಲು ಕುಡಿಸಿ ಬದುಕಿಸಿದನಂತೆ. ಆ ಅಧಿಕಾರಿ ಕಣ್ಣೀರಿಡುತ್ತ ತನ್ನ ರೈಫಲನ್ನೇ ಬಿಚ್ಚಿ ಕೊಟ್ಟನಂತೆ. ಕೇಳುತ್ತ ನಾನೂ ಕರ್ಚೀಫಿಗೆ ಕೈಹಾಕಿದೆ. ಬೆಲೆ ಮಾತ್ರ ಒಂದು ಹೊಸ ಕಾರಿನದ್ದು. ಅರ್ಬಾಬರು ಅದನ್ನು ಕೊಂಡು ತಮ್ಮ ಹಿರಿಯ ಅಣ್ಣನಿಗೆ ಎಲ್ಲರ ಮುಂದೆ ಉಡುಗೊರೆ ಕೊಡುವವರಿದ್ದರು. "ಮೇಲೆ ಇಂಗ್ಲಿಷ್ ಬರೆದಿದೆ. ಓದಿ ಹೇಳು. ಶುಕ್ರವಾರ ಮಜ್ಲಿಸಿಗೆ ಬಾ," ಎಂದರು ತಮ್ಮ ಮುರುಕು ಹಿಂದಿಯಲ್ಲಿ.

ನನ್ನನ್ನೇ ಏಕೆ ಕರೆದರೆಂಬುದಕ್ಕೆ ಕಾರಣ ನಮ್ಮ ಆಫೀಸಿನ ಸದಾಶಿವ ಶೆಟ್ಟರು. ಉಡುಪಿಯ ಕಡೆಯವರು, ಗಲ್ಫಿನಲ್ಲಿ ಬಹಳ ವರ್ಷ ಇದ್ದು ಅರಬ್ಬಿಯನ್ನು ನೀರಿನಂತೆ ಮಾತಾಡುವವರು. ನಾನು ಕಾಲೇಜಿನಲ್ಲಿ ಕೆಡೆಟ್ ಆಗಿದ್ದೆನೆಂದು ಯಾವಾಗಲೋ ಊಟದ ಹೊತ್ತಿನಲ್ಲಿ ಅವರಿಗೆ ಹೇಳಿದ್ದೆ. ಅದನ್ನು ಅವರು ಅರ್ಬಾಬರಿಗೆ ಅರಬ್ಬಿಯಲ್ಲಿ ಹೇಳುವಾಗ ನಾನು ಮಿಲಿಟರಿ ಮನುಷ್ಯನಾಗಿಬಿಟ್ಟಿದ್ದೆ.

"ಇದೆಂತ ಮಾಡಿದ್ರಿ ಶೆಟ್ರೇ?" ಎಂದು ಕೇಳಿದೆ.

"ಕೆಡೆಟ್‌ಗೆ ಅರಬ್ಬಿಯಲ್ಲಿ ಎಂತ ಹೇಳೂದಂತ ನಂಗೆ ಗೊತ್ತಿಲ್ಲ ಮಾರಾಯ್ರೇ. ಜೈಶ್ ಅಂದೆ. ಸೈನ್ಯ. ಖಲಾಸ್, ಮುಗೀತು."

ನನ್ನ ಸೈನಿಕ ಜೀವನದ ಸತ್ಯ ಇಷ್ಟೇ. ಪರೇಡು ಮುಗಿದ ಮೇಲೆ ಕೊಡುತ್ತಿದ್ದ ಮಸಾಲೆ ದೋಸೆಗಾಗಿ ನಾನು ಕೆಡೆಟ್ ಆದೆ. ಹಳೆಯ ತ್ರೀ ನಾಟ್ ತ್ರೀ ರೈಫಲನ್ನು ಭುಜದ ಮೇಲೆ ಹೊತ್ತು ಮೈದಾನ ಸುತ್ತಿದೆ, ಎಣ್ಣೆಬಟ್ಟೆಯಿಂದ ಅದನ್ನು ಉಜ್ಜಿದೆ. ಶಿಬಿರದಲ್ಲಿ ಗುಂಡು ಹೊಡೆಯಲು ಬಿಟ್ಟಾಗ ನನ್ನ ಗುರಿಹಲಗೆಯಲ್ಲಿ ಒಂದು ತೂತೂ ಇರಲಿಲ್ಲ. ಪಕ್ಕದವನ ಹಲಗೆಯಲ್ಲಿ ಅವನು ಹೊಡೆದದ್ದಕ್ಕಿಂತ ಹೆಚ್ಚು ತೂತುಗಳಿದ್ದವು. ಅವನಿಗೆ ಬಹುಮಾನ ಬಂತು.

ಸಂಜೆ ಮನೆಗೆ ಬಂದು, ಅರ್ಬಾಬರು ನನ್ನ ಮೊಬೈಲಿಗೆ ಕಳಿಸಿದ್ದ ಫೋಟೋಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ನನ್ನ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಂಡಿತು. ಕಿರೀಟದ ಮುದ್ರೆ, ಇಸವಿ, ಎನ್‌ಫೀಲ್ಡ್ ಎಂಬ ಹೆಸರು. ಅಧಿಕಾರಿಯ ಕಣ್ಣೀರಿನ ಕಲೆಯೂ ಎಲ್ಲೋ ಕಂಡಂತಾಯಿತು. ಪ್ರಭಾ ಇಲ್ಲಿನ ಶಾಲೆಯೊಂದರಲ್ಲಿ ಎಲ್‌ಕೆಜಿ ಮಕ್ಕಳ ಟೀಚರು. ಎದುರಿಗೇ ಕೂತು ಮಕ್ಕಳ ಕಾಪಿ ತಿದ್ದುತ್ತಿದ್ದವಳು ಕತ್ತು ಚಾಚಿ ಮೊಬೈಲ್ ನೋಡಿದಳು.

"ಯಾವ ಮಗೂದು ರೀ ಇದು? ಕ್ರಾಫ್ಟ್ ಪ್ರಾಜೆಕ್ಟಾ?"

"ಮಗು ಅಲ್ಲ ಮಾರಾಯ್ತಿ, ಮೊದಲನೇ ಮಹಾಯುದ್ಧದ ರೈಫಲ್ಲು!"

"ಯಾವ ಯುದ್ಧ ಆದ್ರೇನು, ಎನ್ ಉಲ್ಟಾ ಬರೆದಿದಾರೆ ನೋಡಿ. ನಮ್ಮ ಕ್ಲಾಸಲ್ಲಿ ಅರ್ಧ ಮಕ್ಕಳು ಹೀಗೇ ಬರೆಯೋದು. ಆ ಇ ಕೂಡ ಸೊಟ್ಟಗಿದೆ."

ನಾನು ಮತ್ತೆ ನೋಡಿದೆ. ಎನ್ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತಿತ್ತು! ಅಷ್ಟು ಹೊತ್ತು ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ನಾನು ಬರೆದದ್ದನ್ನು ಓದದೆ ಕೇಳಿದ ಕಥೆಯನ್ನು ಓದುತ್ತಿದ್ದೆ. ಇಂಗ್ಲೆಂಡಿನ ಕಾರ್ಖಾನೆಯವರು ತಮ್ಮ ಊರಾದ ಎನ್‌ಫೀಲ್ಡಿನ ಹೆಸರನ್ನೇ ಎಲ್‌ಕೆಜಿ ಮಗುವಿನ ಹಾಗೆ ಕೆತ್ತುತ್ತಾರೆಯೇ? ನಾನು ಉಜ್ಜಿದ ರೈಫಲಿನ ಮೇಲಿನ ಅಕ್ಷರಗಳು ಅಚ್ಚು ಒತ್ತಿದಂತೆ ನೆಟ್ಟಗಿದ್ದದ್ದು ನೆನಪಾಯಿತು. ಮೊದಲ ಬಾರಿಗೆ ನನಗೂ ಅನುಮಾನದ ರುಚಿ ಹತ್ತಿತು. ಕಿರೀಟದ ಕೆಳಗೆ ವಿ, ಆರ್ ಎಂಬ ಎರಡಕ್ಷರ, ಅದರ ಕೆಳಗೆ 1917. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ವಿ ಆರ್ ಎಂಬುದು ಇಂಗ್ಲೆಂಡಿನ ಹಳೆಯ ರಾಣಿಯ ಮುದ್ರೆ. 1917ರ ಹೊತ್ತಿಗೆ ಆಕೆ ತೀರಿಕೊಂಡು ಎಷ್ಟೋ ವರ್ಷಗಳಾಗಿ, ಗದ್ದುಗೆಯ ಮೇಲೆ ರಾಜನಿದ್ದ. ಸತ್ತ ರಾಣಿಯ ಹೆಸರಿನಲ್ಲಿ ಹೊಸ ಬಂದೂಕು! ಇಂಥ ನಕಲಿಗಳನ್ನು ಕೈಯಲ್ಲೇ ಬಡಿದು, ಹೊಸ ಮರಕ್ಕೆ ಬಣ್ಣ ಬಳಿದು ಹಳತು ಮಾಡುತ್ತಾರೆಂದೂ ಓದಿದೆ.

ಶುಕ್ರವಾರ ಶೆಟ್ಟರ ಜೊತೆ ಮಜ್ಲಿಸಿಗೆ ಹೊರಟೆ. ಜಮೀಲನನ್ನು ಕರೆತಂದವರು ಅರ್ಬಾಬರ ಸ್ವಂತ ಸೋದರಸಂಬಂಧಿ. ಅರ್ಬಾಬರ ಮನೆಯ ಅತಿಥಿಯನ್ನು ಅರ್ಬಾಬರದೇ ಕಾಫಿ ಕುಡಿಯುತ್ತ ಕಳ್ಳನೆನ್ನಬೇಕು. ನಾನು ಹೇಳಿದ್ದು ತಪ್ಪಾದರೆ ಮೈಸೂರಿಗೆ ವಿಮಾನ ಹತ್ತುವುದೇ ಸರಿ. "ಹೆದ್ರಬೇಡಿ ಮಾರಾಯ್ರೇ, ನಾನಿದ್ದೇನಲ್ಲ," ಎಂದರು ಶೆಟ್ಟರು. ಹೆದರಿಕೆಗೆ ಅದೂ ಒಂದು ಕಾರಣವಾಗಿತ್ತು.

ಜಮೀಲ್ ಮೆಹಂದಿ ಹಚ್ಚಿದ ಗಡ್ಡದ, ಹಾಲಿನಂಥ ಬಿಳಿಯ ಉಡುಪಿನ ಭವ್ಯ ಮನುಷ್ಯ. ರೈಫಲನ್ನು ಮಗುವಿನ ಹಾಗೆ ಎದೆಗವಚಿಕೊಂಡು, ಅಜ್ಜನ ಕಥೆಯನ್ನು ಮತ್ತೊಮ್ಮೆ ಹೇಳಿದ. ಈ ಸಲ ಒಂಟೆಗೂ ಒಂದು ಹೆಸರಿತ್ತು. ಅರ್ಬಾಬರು ನನ್ನ ಕಡೆ ತಿರುಗಿ, "ಯಲ್ಲಾ, ಹೇಳು," ಎಂದರು.

ನಾನು ಜಮೀಲನಿಗೂ ತಿಳಿಯುವ ಹಿಂದಿಯಲ್ಲಿ ಶುರುಮಾಡಿದೆ. ಶೆಟ್ಟರು ಉಳಿದವರಿಗಾಗಿ ಅರಬ್ಬಿಗೆ ತಿರುಗಿಸುತ್ತ ಹೋದರು. ಎನ್ ಉಲ್ಟಾ ಇದೆ ಎಂದೆ. ಜಮೀಲ್ ಕನಿಕರದಿಂದ ನಕ್ಕ. "ಅದೇ ಸಾಹೇಬ್ ಇದರ ಗುಟ್ಟು! ಅತಿ ದೊಡ್ಡ ಅಧಿಕಾರಿಗಳಿಗೆ ಮಾತ್ರ ಎನ್ ಉಲ್ಟಾ ಕೆತ್ತುತ್ತಿದ್ದರು. ಪ್ರಪಂಚದಲ್ಲಿ ಇಂಥವು ಮೂರೇ ಇರೋದು." ಎಷ್ಟು ಚೆನ್ನಾಗಿ ಹೇಳಿದನೆಂದರೆ, ಉಳಿದ ಎರಡು ಎಲ್ಲಿವೆಯೆಂದು ಕೇಳುವ ಆಸೆ ನನಗೇ ಆಯಿತು. ಪ್ರಭಾಳ ಕೆಂಪು ಪೆನ್ನನ್ನು ನೆನೆಸಿಕೊಂಡು ಮನಸ್ಸು ಗಟ್ಟಿಮಾಡಿದೆ. "ಹೋಗಲಿ, 1917ರಲ್ಲಿ ಇಂಗ್ಲೆಂಡಿನಲ್ಲಿ ರಾಜನಿದ್ದ. ಇದರ ಮೇಲೆ ರಾಣಿಯ ಮುದ್ರೆ ಯಾಕಿದೆ?" ಜಮೀಲ್ ಕಣ್ಣು ಒದ್ದೆ ಮಾಡಿಕೊಂಡು, "ಸೈನಿಕರಿಗೆ ಆ ರಾಣಿ ತಾಯಿಯಿದ್ದ ಹಾಗೆ ಸಾಹೇಬ್. ಸತ್ತ ಮೇಲೂ ಮರೆಯಲಿಲ್ಲ," ಎಂದ.

ಮಜ್ಲಿಸಿನಲ್ಲಿ ಇಬ್ಬರು ಹಿರಿಯರು ತಲೆದೂಗಿದರು. ಕಥೆಯ ಬಲದ ಮೇಲೆ ಅವನು ಗೆಲ್ಲುತ್ತಿದ್ದ. ಸೋದರಸಂಬಂಧಿ ನನ್ನನ್ನು ದುರುಗುಟ್ಟಿ ನೋಡಿದರು. ಕೊನೆಯದಾಗಿ ನಾನು, "ಮರಕ್ಕೂ ಇತ್ತೀಚೆಗೆ ಬಣ್ಣ ಬಳಿದಿದ್ದಾರೆ ಅನಿಸುತ್ತೆ," ಎಂದೆ.

"ಬಣ್ಣವಾ! ನನ್ನ ಅಜ್ಜನ ಬೆವರು ಅದು!" ಎಂದು ಜಮೀಲ್ ಎದ್ದು ನಿಂತು, ರೈಫಲನ್ನು ಎದೆಯಿಂದ ತೆಗೆದು ಎರಡೂ ಕೈಯಲ್ಲಿ ಮೇಲಕ್ಕೆತ್ತಿ ಹಿಡಿದ.

ಆ ಬಿಳಿಯ ಉಡುಪಿನ ಮೇಲೆ, ಭುಜದಿಂದ ಹೊಟ್ಟೆಯವರೆಗೆ, ಬಂದೂಕಿನ ಕಂದು ಬಣ್ಣದ ಚಿತ್ರ ಒಂದಿಷ್ಟೂ ತಪ್ಪದೆ ಮೂಡಿತ್ತು.

ಜಮೀಲ್ ಎಲ್ಲರ ಕಣ್ಣು ಹೋದ ಕಡೆ ತಾನೂ ಬಗ್ಗಿ ನೋಡಿಕೊಂಡ. ಅರ್ಬಾಬರು ಮೆಲ್ಲಗೆ ಏನೋ ಹೇಳಿದರು. ಮಜ್ಲಿಸಿನ ಚಾವಣಿ ಹಾರಿಹೋಗುವಂತೆ ನಗು ಎದ್ದಿತು. ನಕ್ಕು ನಕ್ಕು ಸುಸ್ತಾದ ಶೆಟ್ಟರು ಕಣ್ಣೊರೆಸಿಕೊಂಡು ನನಗೆ ಕನ್ನಡದಲ್ಲಿ ಹೇಳಿದರು: "ನಿನ್ನ ಅಜ್ಜನ ಬೆವರು ಇನ್ನೂ ಒಣಗ್ಲಿಲ್ವಾ ಅಂತ ಕೇಳಿದ್ರು ಮಾರಾಯ್ರೇ!" ದುರುಗುಟ್ಟಿದ್ದ ಸೋದರಸಂಬಂಧಿಯೇ ಬಂದು ನನ್ನ ಬೆನ್ನು ತಟ್ಟಿದರು. ನಾನು ಜೀವಮಾನದಲ್ಲಿ ಗುರಿಗೆ ಹೊಡೆದ ಮೊದಲ ಗುಂಡು ಅದು. ಮನೆಗೆ ಬಂದು ಎಲ್ಲವನ್ನೂ ಅಭಿನಯಿಸಿ ತೋರಿಸಿದಾಗ ಪ್ರಭಾ, "ಉಲ್ಟಾ ಎನ್ ಕಂಡುಹಿಡಿದದ್ದು ಯಾರು ಅಂತ ಹೇಳಿದ್ರಾ?" ಎಂದಳು. ಭಾಷಾಂತರದ ತೊಂದರೆ ಇತ್ತು ಎಂದೆ.

ಅರ್ಬಾಬರು ಜಮೀಲನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಮರ ಕಬ್ಬಿಣದ ಬೆಲೆಗೆ ಆ ನಕಲಿಯನ್ನೇ ಕೊಂಡು, ಕಾಗದಪತ್ರ ಮಾಡಿಸಿ, ಮಜ್ಲಿಸಿನ ನಟ್ಟನಡುವೆ ತೂಗುಹಾಕಿದರು. ಅಸಲಿ ಬಂದೂಕುಗಳನ್ನು ಈಗ ಯಾರೂ ಕೇಳುವುದಿಲ್ಲ. ಬಂದವರಿಗೆಲ್ಲ ಅವರು ಹೇಳುವುದು ಇದರ ಕಥೆಯನ್ನೇ, ಜೊತೆಗೆ ಇದರ ಮೋಸ ಹಿಡಿದ ತಮ್ಮ ಅಕೌಂಟೆಂಟನ ಕಥೆಯನ್ನು. ಹೇಳಿದ ಹಾಗೆಲ್ಲ ಅದು ಬೆಳೆಯುತ್ತಿದೆ. ಮೊದಮೊದಲು ನಾನು ಸಿಪಾಯಿಯಾಗಿದ್ದೆ. ರಂಜಾನಿನ ಹೊತ್ತಿಗೆ ಕ್ಯಾಪ್ಟನ್ ಆದೆ. ಈಗ ಕರ್ನಲ್. ಕಣ್ಣು ಕಟ್ಟಿದರೂ ಮರವನ್ನು ಮೂಸಿ ಬಂದೂಕಿನ ವಯಸ್ಸು ಹೇಳುತ್ತೇನಂತೆ.

ಮೊನ್ನೆ ಅರ್ಬಾಬರು ಮತ್ತೆ ಕರೆಸಿದ್ದರು. ಅಲ್ ಖೋರ್‌ನಿಂದ ಬಂದಿದ್ದ ವೃದ್ಧರೊಬ್ಬರು ನನ್ನ ಕೈ ಹಿಡಿದುಕೊಂಡು ಬಹಳ ಗೌರವದಿಂದ ಏನೋ ಕೇಳಿದರು.

"ನೀವು ಯಾವ ಯುದ್ಧದಲ್ಲಿ ಇದ್ದದ್ದು ಅಂತ ಕೇಳ್ತಿದ್ದಾರೆ," ಎಂದರು ಶೆಟ್ಟರು, ಮುಖದಲ್ಲಿ ನಗುವಿನ ಗೆರೆಯೂ ಇಲ್ಲದೆ. "ಎಂತ ಹೇಳ್ಲಿ?"

ಸತ್ಯ ಹೇಳಲು ಬಾಯಿ ತೆರೆದೆ. ಎದುರಿಗೆ ಅರ್ಬಾಬರ ಮುಖ ಹೆಮ್ಮೆಯಿಂದ ಹೊಳೆಯುತ್ತಿತ್ತು.

"ಯುದ್ಧದ ವಿಷಯ ನಾನು ಮಾತಾಡೋದಿಲ್ಲ ಅಂತ ಹೇಳಿ ಶೆಟ್ರೇ," ಎಂದೆ.

ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆ ವೃದ್ಧರು ಎದೆಯ ಮೇಲೆ ಕೈಯಿಟ್ಟು, ಬಹಳ ಯುದ್ಧ ಕಂಡವನನ್ನು ನೋಡುವಂತೆ ನನ್ನನ್ನು ನೋಡಿ ತಲೆಬಾಗಿಸಿದರು. ಕಾಫಿಯ ಮೊದಲ ಬಟ್ಟಲು ನನಗೇ ಬಂತು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, ದೂರದಲ್ಲೆಲ್ಲೋ ನೋಡುತ್ತ, ನಿಧಾನವಾಗಿ ಕುಡಿದೆ.